ಪರವೂರಿನಲ್ಲೊಂದು ಸೂರು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದೆ. ನಾನು ಸಾಹಿತಿಯಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. “ನಿಮಗೆ ಗೊತ್ತಿರುವುದನ್ನೇ ಹೇಳಿ, ಸಾಕು” ಎಂದು ಅವರು ಸಮಾಧಾನ ಹೇಳಿದರು. ನನಗೆ ಅಷ್ಟಿಷ್ಟು ಗೊತ್ತಿರುವುದು ಮನೆಯ ವಿಚಾರ. ನಿವೃತ್ತಿಯಾದ ಮೇಲೆ ಕೆಲವು ವರ್ಷ, ಬಡವರಿಗೆ ವಸತಿ ಒದಗಿಸುವ ಸೇವಾ ಸಂಸ್ಥೆಯವರ ಕೋರಿಕೆಯಂತೆ, ಮಾನಖುರ್ದಿನ ಕಡೆಯ ಒಂದು ಪುನರ್ವಸತಿ ಕಟ್ಟಡದ ಸೊಸೈಟಿಗೆ ಲೆಕ್ಕಪತ್ರ ನೋಡಿಕೊಡುತ್ತಿದ್ದೆ. ಆದ್ದರಿಂದ ಇಂದು ನಾಡು ನುಡಿಯ ವೈಭವವನ್ನು ಬಲ್ಲವರಿಗೆ ಬಿಟ್ಟು, ಪರವೂರಿನಲ್ಲಿ ಮನುಷ್ಯನಿಗೆ ಒಂದು ಸೂರು ಹೇಗೆ ಸಿಗುತ್ತದೆ, ಅದನ್ನು ಸಿಗುವಂತೆ ಮಾಡುವವರು ಯಾರು, ಅದರಲ್ಲಿ ನಮ್ಮ ಪಾಲೇನು ಎಂಬಷ್ಟನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅವರು ಹೇಳಿದ್ದು ಸ್ವಂತ ಊರಿನಲ್ಲಿ, ಸ್ವಂತ ನೆಲದಲ್ಲಿ ಮನೆ ಕಟ್ಟುವ ಮಾತು. ನೆಲವೇ ತನ್ನದಲ್ಲದ ಮುಂಬಯಿಯಂಥ ಶಹರದಲ್ಲಿ ಮನೆ ಮಾಡುವವನ ಪಾಡು ಅವರ ಗಾದೆಗೂ ಮೀರಿದ್ದು. ಇಲ್ಲಿ ಕುಳಿತಿರುವ ನಾವೆಲ್ಲ ಒಂದು ಕಾಲಕ್ಕೆ ಟ್ರಂಕು, ಹಾಸಿಗೆ ಸುರುಳಿ ಹಿಡಿದು ಬಂದವರು. ಇಲ್ಲವೇ ಹಾಗೆ ಬಂದವರ ಮಕ್ಕಳು. ಮಂಗಳೂರು ಉಡುಪಿ ಕಡೆಯ ಹುಡುಗರು ಹೋಟೆಲಿನಲ್ಲಿ ಹಗಲೆಲ್ಲ ದುಡಿದು, ರಾತ್ರಿ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗಿದರು. ಧಾರವಾಡ ವಿಜಾಪುರದ ಕಡೆಯವರು ಚಾಳಿನ ಒಂದೇ ಖೋಲಿಯಲ್ಲಿ ಹತ್ತು ಹನ್ನೆರಡು ಮಂದಿ, ಪಾಳಿಯ ಮೇಲೆ ನಿದ್ರೆ ಮಾಡಿದರು. ಆ ಖೋಲಿಗೆ ತಮ್ಮನನ್ನು ಕರೆಸಿಕೊಂಡವನು ಅಣ್ಣ; ಊರಿನ ಹುಡುಗನಿಗೆ ಜಾಗ ಕೊಟ್ಟವನು ಊರಿನವನು. ಒಬ್ಬರ ಕೈ ಹಿಡಿದು ಇನ್ನೊಬ್ಬರು ನಿಂತೆವು. ಈ ಸಂಗತಿಯನ್ನು ಮರೆಯದಿದ್ದರೆ ನಾನು ಮುಂದೆ ಹೇಳುವುದೆಲ್ಲ ತಮಗೆ ಹೊಸದೆನಿಸದು.

ಹತ್ತು ಮಂದಿ ಕೂಡಿ ದುಡ್ಡು ಹಾಕಿ ಹತ್ತು ಮಂದಿಗೂ ಒಳಿತಾಗುವಂತೆ ನಡೆದುಕೊಳ್ಳುವ ವಿದ್ಯೆ ಕನ್ನಡಿಗರಿಗೆ ಪರಕೀಯವಾದುದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಾಲಗಾರನ ಬಾಗಿಲಿನಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ರೈತನಿಗೆ ತನ್ನದೇ ಪೆಟ್ಟಿಗೆ ಎಂಬುದೊಂದು ಆಯಿತು. ನಾಲ್ಕು ವರ್ಷದ ನಂತರ, 1909ರಲ್ಲಿ, ಬೆಂಗಳೂರಿನಲ್ಲಿ ಮನೆ ಕಟ್ಟಿಕೊಳ್ಳುವುದಕ್ಕಾಗಿಯೇ ಒಂದು ಸಹಕಾರ ಸಂಘ ಹುಟ್ಟಿತು. ವಸತಿಗಾಗಿ ಹುಟ್ಟಿದ ಸಹಕಾರ ಸಂಘಗಳಲ್ಲಿ ನಮ್ಮ ದೇಶದಲ್ಲಿ ಅದೇ ಮೊದಲನೆಯದೆಂದು ಹೆಸರಾಗಿದೆ.

ಮುಂಬಯಿಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ ಕಥೆ. 1896ರಲ್ಲಿ ಈ ಊರಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಹುಳುಗಳಂತೆ ಸತ್ತರು. ಅದರ ಫಲವಾಗಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಮಂಡಲಿ ಹುಟ್ಟಿ, ಹಳೆಯ ಕೇರಿಗಳನ್ನು ಕೆಡವಿ ಹೊಸ ರಸ್ತೆಗಳನ್ನು ಹಾಕತೊಡಗಿತು. ಕೆಡವಿದಷ್ಟು ಬೇಗ ಕಟ್ಟಲಿಲ್ಲ. ಕಟ್ಟಿದ್ದಕ್ಕೆ ಬಾಡಿಗೆ ಹೆಚ್ಚು. ಆಗ ಕೆನರಾ ಜಿಲ್ಲೆಯಿಂದ ಇಲ್ಲಿಗೆ ಗುಮಾಸ್ತೆಗಿರಿಗೆ ಬಂದ ಸಾರಸ್ವತ ಕುಟುಂಬಗಳು ಬಾಡಿಗೆಗೆ ಹೆದರಿ ಒಂದೊಂದು ಮೂಲೆ ಹಿಡಿದಿದ್ದವು. ಅವರಲ್ಲಿದ್ದ ಶ್ರೀಪಾದ ಸುಬ್ಬರಾವ್ ತಾಳಮಕಿಯವರು 1906ರಲ್ಲಿ ಶಾಮರಾವ್ ವಿಠಲರ ಹೆಸರಿನಲ್ಲಿ ಪತ್ತಿನ ಸಂಘವನ್ನೂ, 1915ರಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನೂ ಕಟ್ಟಿದರು. ಕಟ್ಟಡದ ಒಡೆತನ ಸಂಘದ್ದು; ಸದಸ್ಯನು ಸಂಘದಲ್ಲಿ ಪಾಲುದಾರ, ಮನೆಯಲ್ಲಿ ಒಕ್ಕಲು. ತನ್ನ ಬಾಡಿಗೆಯನ್ನು ತಾನೇ ಕೂಡಿಕೊಂಡ ಸಂಘಕ್ಕೆ ಕೊಡುವುದು. ಮನೆಯ ಯಜಮಾನನ ಹಂಗು ಅಲ್ಲಿಗೆ ತೀರಿತು. ಇಂದು ನಮ್ಮಲ್ಲಿ ಅನೇಕರು ಸೊಸೈಟಿಯ ಫ್ಲಾಟಿನಲ್ಲಿದ್ದೇವೆ. ಆ ಸೊಸೈಟಿ ಎಂಬ ಏರ್ಪಾಡಿಗೆ ಈ ಊರಿನಲ್ಲಿ ಬೇರು ಬಿಟ್ಟದ್ದು ನಮ್ಮ ಕರಾವಳಿಯವರ ಸಣ್ಣ ಸಂಬಳದಿಂದ ಎಂಬುದನ್ನು ನೆನೆಯಬೇಕು.

ಆದರೆ ಗುಮಾಸ್ತೆಗೆ ತಿಂಗಳ ಸಂಬಳವಿತ್ತು, ಅಕ್ಷರವಿತ್ತು, ಅರ್ಜಿ ಬರೆಯುವ ಇಂಗ್ಲಿಷ್ ಇತ್ತು. ಇವು ಮೂರೂ ಇಲ್ಲದವನ ಗತಿಯೇನು? 2011ರ ಜನಗಣತಿಯ ಲೆಕ್ಕದಲ್ಲಿ ಬೃಹನ್ಮುಂಬಯಿಯ ಜನರಲ್ಲಿ 100ಕ್ಕೆ 40ಕ್ಕೂ ಹೆಚ್ಚು ಮಂದಿ ಝೋಪಡಪಟ್ಟಿಗಳಲ್ಲಿದ್ದರು. ಅವರಿಗಿಂತಲೂ ಕೆಳಗೆ, ಝೋಪಡಿಯೂ ಇಲ್ಲದೆ, ಫುಟ್‌ಪಾತಿನ ಮೇಲೆ ಗೋಣಿತಟ್ಟು ಕಟ್ಟಿಕೊಂಡು ಸಂಸಾರ ಮಾಡುವವರುಂಟು. ಇಂಥವರೊಡನೆ ಕೆಲಸ ಮಾಡಿದವರ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ.

ಅವರಲ್ಲಿ ಮೊದಲು ಹೇಳಬೇಕಾದ ಹೆಸರು ಜೋಕಿನ್ ಅರ್ಪುತಂ. ಈತ ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯ ನೆಲದಲ್ಲಿ. ಮನೆಮಾತು ತಮಿಳು, ಮರಗೆಲಸ ಕಲಿತವನು. ಹದಿಹರೆಯ ದಾಟುವ ವಯಸ್ಸಿನಲ್ಲಿ ಮುಂಬಯಿಗೆ ಬಂದು ಮಾನಖುರ್ದಿನ ಜನತಾ ಕಾಲನಿ ಎಂಬ ಝೋಪಡಪಟ್ಟಿಯನ್ನು ಸೇರಿದ. ಅಲ್ಲಿ ಕಸ ಎತ್ತುವವರು ಬರುತ್ತಿರಲಿಲ್ಲ. ಆತ ಕೇರಿಯ ಮಕ್ಕಳನ್ನು ಸೇರಿಸಿ, ಎಲ್ಲರ ಕೈಗೂ ಒಂದಿಷ್ಟು ಕಸದ ಪೊಟ್ಟಣ ಕೊಟ್ಟು, ಮೆರವಣಿಗೆಯಲ್ಲಿ ಕರೆದೊಯ್ದು ನಗರಸಭೆಯ ಕಚೇರಿಯ ಮುಂದೆಯೇ ಸುರಿಸಿದ. ಅಧಿಕಾರಿಗಳಿಗೆ ಆ ಕೇರಿ ಎಲ್ಲಿದೆಯೆಂದು ಅಂದು ತಿಳಿಯಿತು! ಪಕ್ಕದಲ್ಲಿದ್ದ ಅಣುಶಕ್ತಿ ಸಂಶೋಧನ ಕೇಂದ್ರಕ್ಕೆ ಜಾಗ ಬೇಕೆಂದು ಆ ಕಾಲನಿಯನ್ನು ಎಬ್ಬಿಸಲು ಹೊರಟಾಗ ಆತ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದ. ಕಡೆಗೆ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಿನಲ್ಲಿ, ಕಾಲನಿ ನೆಲಸಮವಾಯಿತು. ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಿದರು. ಸೋತವನು ಮನೆಗೆ ಹೋಗಿ ಮಲಗಬಹುದಾಗಿತ್ತು; ಆದರೆ ಮಲಗಲು ಮನೆಯೇ ಇಲ್ಲವಲ್ಲ! ಅದಾಗಲೇ ಆತ ರಾಷ್ಟ್ರೀಯ ಝೋಪಡಪಟ್ಟಿವಾಸಿಗಳ ಒಕ್ಕೂಟವನ್ನು ಕಟ್ಟಿದ್ದ. ಕಾಲನಿ ಹೋದರೂ ಒಕ್ಕೂಟ ನಿಂತಿತು.

ಇನ್ನೊಂದು ಕಡೆ, 1984ರಲ್ಲಿ ಶೀಲಾ ಪಟೇಲ್ ಮತ್ತು ಸಂಗಡಿಗರು ಸ್ಪಾರ್ಕ್ ಎಂಬ ಸೇವಾ ಸಂಸ್ಥೆಯನ್ನು ಆರಂಭಿಸಿ, ಭಾಯಖಳಾದ ಫುಟ್‌ಪಾತಿನ ಹೆಂಗಸರ ನಡುವೆ ಕುಳಿತರು. ಆಗ ಸರ್ವೋಚ್ಚ ನ್ಯಾಯಾಲಯದಲ್ಲಿ ಫುಟ್‌ಪಾತಿನವರ ದಾವೆ ನಡೆಯುತ್ತಿತ್ತು. 1985ರ ಜುಲೈಯಲ್ಲಿ ತೀರ್ಪು ಬಂತು. ಮನುಷ್ಯನ ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ನ್ಯಾಯಾಲಯ ಸಾರಿತು; ಆದರೆ ನೋಟೀಸು ಕೊಟ್ಟು ಎಬ್ಬಿಸುವುದಕ್ಕೆ ಅಡ್ಡಿಯಿಲ್ಲ ಎಂದೂ ಹೇಳಿತು. ಮಳೆಗಾಲ ಮುಗಿಯುವವರೆಗೆ, ಅಕ್ಟೋಬರ್ 31ರ ತನಕ, ಎಬ್ಬಿಸಕೂಡದೆಂಬ ಕೃಪೆ ಮಾತ್ರ ದೊರೆಯಿತು. ತತ್ತ್ವದಲ್ಲಿ ಗೆಲುವು, ಬೀದಿಯಲ್ಲಿ ಸೋಲು.

ಆ ಕೆಲವು ತಿಂಗಳಲ್ಲಿ ಈ ಜನ ಮಾಡಿದ ಕೆಲಸವೇನು? ಘೋಷಣೆ ಕೂಗಲಿಲ್ಲ; ಎಣಿಸಿದರು. ಬುಲ್‌ಡೋಜರು ಬರುವ ಮೊದಲು ನಾವು ಯಾರು, ಎಷ್ಟು ಮಂದಿ, ಎಲ್ಲಿಂದ ಬಂದೆವು, ಏನು ದುಡಿಯುತ್ತೇವೆ ಎಂದು ಬರೆದಿಡೋಣ ಎಂದರು. ಸುಮಾರು 6,000 ಕುಟುಂಬಗಳ ಗಣತಿಯಾಯಿತು. ಫುಟ್‌ಪಾತಿನವರು ಕಳ್ಳಕಾಕರು, ನಿನ್ನೆ ಮೊನ್ನೆ ಬಂದವರು ಎಂಬ ಮಾತನ್ನು ಆ ಕಾಗದ ಸುಳ್ಳು ಮಾಡಿತು. ಅನೇಕರು ಬಂದು ಹತ್ತಾರು ವರ್ಷವಾಗಿತ್ತು. ಕೆಲಸದ ಜಾಗಕ್ಕೆ ನಡೆದು ಹೋಗಬಹುದೆಂದೇ ಆ ಬೀದಿಯಲ್ಲಿದ್ದರು. ಸರಕಾರದ ಪಟ್ಟಿಯಲ್ಲಿ ಇಲ್ಲದವನಿಗೆ ಸರಕಾರದಿಂದ ಏನೂ ಸಿಗದು. ಆದ್ದರಿಂದ ಪಟ್ಟಿಯನ್ನು ತಾವೇ ಮಾಡಿಕೊಂಡರು. ಲೆಕ್ಕ ಬರೆದೇ ಬದುಕಿದ ನನಗೆ ಈ ಬುದ್ಧಿವಂತಿಕೆ ಬಹಳ ಮೆಚ್ಚಿಗೆಯಾಯಿತು.

ಮರುವರ್ಷ ಆ ಹೆಂಗಸರು ಮಹಿಳಾ ಮಿಲನ ಎಂಬ ಉಳಿತಾಯ ಕೂಟ ಮಾಡಿದರು. ಒಬ್ಬಾಕೆ ದಿನವೂ ಮನೆಮನೆಗೆ, ಅಂದರೆ ಗೋಣಿತಟ್ಟಿನಿಂದ ಗೋಣಿತಟ್ಟಿಗೆ, ಹೋಗಿ ಒಂದೋ ಎರಡೋ ರೂಪಾಯಿ ಎತ್ತಿಕೊಂಡು ಬರುತ್ತಿದ್ದಳು. ಅಕ್ಷರ ಬಾರದವರು ಲೆಕ್ಕ ಹೇಗಿಟ್ಟರು? ಒಂದೊಂದು ಮೊತ್ತಕ್ಕೆ ಒಂದೊಂದು ಬಣ್ಣದ ಕಾಗದದ ಚೂರು. ಒಬ್ಬೊಬ್ಬಳಿಗೆ ಒಂದೊಂದು ಪ್ಲಾಸ್ಟಿಕ್ ಚೀಲ. ಚೀಲ ತೆರೆದು ಚೂರು ಎಣಿಸಿದರೆ ಅದೇ ಪಾಸ್‌ಬುಕ್ಕು. ದುಡ್ಡಿಗಿಂತ ದೊಡ್ಡ ಲಾಭ ಇನ್ನೊಂದಿತ್ತು. ದಿನವೂ ಹೋಗುವವಳಿಗೆ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಗಂಡ ಕುಡಿದು ಹೊಡೆದ, ಯಾರ ಮಗುವಿಗೆ ಜ್ವರ ಎಂಬುದು ಅಂದೇ ತಿಳಿಯುತ್ತಿತ್ತು. ಉಳಿತಾಯ ಎಂಬುದು ನೆಪ, ವಿಚಾರಿಸಿಕೊಳ್ಳುವುದೇ ಮುಖ್ಯ.

ಮುಂದೆ ಮನೆಯ ಯೋಚನೆ ಬಂತು. ನಿಮಗೆ ಎಂಥ ಮನೆ ಬೇಕು ಎಂದರೆ ಮನೆಯನ್ನೇ ಕಾಣದವರು ಏನು ಹೇಳಿಯಾರು? ಸೀರೆಯನ್ನೇ ಅಳತೆಗೋಲು ಮಾಡಿಕೊಂಡು ಅಳೆದರು. ಕಟ್ಟಿಗೆ ಬಟ್ಟೆಗಳಲ್ಲಿ ನಿಜವಾದ ಗಾತ್ರದ ಮನೆಯನ್ನು ನಿಲ್ಲಿಸಿ, ಒಳಗೆ ಹೊಕ್ಕು, ಕೂತು ಎದ್ದು ನೋಡಿದರು. ನೆಲ ಸಾಲದಿದ್ದರೆ ಎತ್ತರವಾದರೂ ಇರಲಿ, 14 ಅಡಿ ಇದ್ದರೆ ಒಳಗೊಂದು ಅಟ್ಟ ಕಟ್ಟಿ ಇಬ್ಬರು ಮಲಗಬಹುದು ಎಂಬುದು ಅವರು ಕಂಡುಕೊಂಡ ಉಪಾಯ. ಎಂಜಿನಿಯರರು ಬಂದು ನೋಡಿ ಹೋದರು. ವರ್ಷಗಳು ಹಿಡಿದವು, ಕೊನೆಗೆ ಭಾಯಖಳಾದ ಫುಟ್‌ಪಾತಿನ ಕುಟುಂಬಗಳು ಮಾನಖುರ್ದಿನ ಮಿಲನ ನಗರದಲ್ಲಿ ಪಕ್ಕಾ ಮನೆಗಳನ್ನು ಸೇರಿದವು. ರೈಲು ಹಳಿಯ ಅಂಚಿನಲ್ಲಿ, ರೈಲು ಹಾದಾಗ ಗೋಡೆ ನಡುಗುವ ಗುಡಿಸಲುಗಳಲ್ಲಿದ್ದ ಸಾವಿರಾರು ಕುಟುಂಬಗಳ ಸ್ಥಳಾಂತರಕ್ಕೂ ಇದೇ ಗಣತಿ, ಇದೇ ಉಳಿತಾಯ, ಇದೇ ಹೆಂಗಸರು ನೆರವಾದರು. ನಮ್ಮ ಲೋಕಲ್ ರೈಲು ಇಂದು ಅಷ್ಟಾದರೂ ವೇಗವಾಗಿ ಓಡುತ್ತಿದ್ದರೆ ಅವರು ಹಳಿ ಬಿಟ್ಟು ಕೊಟ್ಟದ್ದೂ ಅದಕ್ಕೊಂದು ಕಾರಣ. ಜೋಕಿನ್ ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಬಂದವು. 2018ರಲ್ಲಿ ತೀರಿಕೊಂಡರು.

ಇಲ್ಲಿಗೆ ಮುಗಿಸಿದರೆ ಇದೊಂದು ಮಂಗಳದ ಹಾಡಾದೀತು. ಆದರೆ ನಾನು ಲೆಕ್ಕದವನು. ಖರ್ಚಿನ ಬದಿಯನ್ನೂ ತೋರಿಸಬೇಕು. ಝೋಪಡಪಟ್ಟಿಯವರಿಗೆ ಪುಕ್ಕಟೆ ಕೊಡುವ ಮನೆಯ ಅಳತೆ 1995ರ ಯೋಜನೆಯಲ್ಲಿ 225 ಚದರ ಅಡಿಯಿತ್ತು. ಮುಂದೆ 269 ಆಯಿತು, ಆಮೇಲೆ 300 ಆಯಿತು. ಅಳತೆ ಬೆಳೆಯಿತು, ಆದರೆ ಅನೇಕ ಕಡೆ ಕಟ್ಟಡಗಳು ಒಂದಕ್ಕೊಂದು ಅಂಟಿ ನಿಂತು, ಕೆಳಗಿನ ಮಹಡಿಗಳಲ್ಲಿ ಹಗಲಿನಲ್ಲೂ ದೀಪ ಹಚ್ಚಬೇಕು. ಪ್ಲೇಗಿನ ಚಾಳುಗಳಿಂದ ನಾವು ಕಲಿತ ಪಾಠ ನೂರು ವರ್ಷದಲ್ಲಿ ಮರೆತುಹೋಯಿತು. ನಾನು ಲೆಕ್ಕ ನೋಡುತ್ತಿದ್ದ ಕಟ್ಟಡದಲ್ಲಿ ಲಿಫ್ಟು ಕೆಟ್ಟರೆ ತಿಂಗಳುಗಟ್ಟಲೆ ಕೆಟ್ಟೇ ಇರುತ್ತಿತ್ತು. ನೀರಿನ ಪಂಪಿನ ಕರೆಂಟು ಬಿಲ್ಲು, ಲಿಫ್ಟಿನ ಬಿಲ್ಲು, ಕಸದ ಖರ್ಚು ಎಂದು ತಿಂಗಳ ವಂತಿಗೆ ಬೀಳುತ್ತದೆ. ಗುಡಿಸಲಿನಲ್ಲಿ ಈ ಖರ್ಚುಗಳಿರಲಿಲ್ಲ. ಹಳೆಯ ಜಾಗದಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆಯುತ್ತಿದ್ದಾಕೆಗೆ ಇಲ್ಲಿಂದ ಅಲ್ಲಿಗೆ ಹೋಗಿಬರಲು ಎರಡು ಬಸ್ಸು, ಒಂದು ರೈಲು. ಎರಡು ಮನೆ ಬಿಟ್ಟುಹೋದವು. ಐದನೆಯ ಮಹಡಿಯ ಒಬ್ಬಾಕೆ ಎಂಟು ತಿಂಗಳು ವಂತಿಗೆ ಕಟ್ಟಿರಲಿಲ್ಲ. ಕೇಳಿದರೆ, “ಭಾವೂ, ಮನೆ ಕೊಟ್ಟರು, ಮನೆಯಲ್ಲಿರುವುದಕ್ಕೆ ಎಷ್ಟಾಗುತ್ತದೆಂದು ಯಾರೂ ಹೇಳಲಿಲ್ಲ” ಎಂದು ಮರಾಠಿಯಲ್ಲಿ ಹೇಳಿದಳು. ನನ್ನ ಖಾತೆಪುಸ್ತಕದಲ್ಲಿ ಆ ಮಾತಿಗೆ ಕಲಮು ಇರಲಿಲ್ಲ.

ಇಂಥ ವೇಳೆಯಲ್ಲಿ ಸೇವಾ ಸಂಸ್ಥೆಯ ಕಾರ್ಯಕರ್ತರ ಬೆಲೆ ತಿಳಿಯುತ್ತದೆ. ನಾನು ಕಂಡವರು ಬಹುತೇಕ ಇಪ್ಪತ್ತೈದು ಮೂವತ್ತರ ವಯಸ್ಸಿನವರು, ಸಂಬಳ ಸಣ್ಣದು, ದಾನಿಗಳ ಹಣ ನಿಂತರೆ ಅದೂ ಇಲ್ಲ. ಅವರು ಇಟ್ಟಿಗೆ ಹೊರುವುದಿಲ್ಲ; ಕಾಗದ ಹೊರುತ್ತಾರೆ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಮತದಾರರ ಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಅದನ್ನು ಒಂದು ಮಾಡಿಸಲು ಹತ್ತು ಸಲ ಕಚೇರಿಗೆ ಹೋಗುತ್ತಾರೆ. ಇಂತಿಷ್ಟು ವರ್ಷಕ್ಕೆ ಮೊದಲು ಬಂದವನೆಂದು ರುಜುವಾತಾಗದಿದ್ದರೆ ಮನೆ ಇಲ್ಲ. ಆ ರುಜುವಾತು ಎಲ್ಲೋ ಒಂದು ಹಳೆಯ ಬಿಲ್ಲಿನಲ್ಲಿ ಇಲಿ ತಿಂದ ಮೂಲೆಯಲ್ಲಿರುತ್ತದೆ. ಕಚೇರಿಯವರು ಇವರನ್ನು ಜನರನ್ನು ಎತ್ತಿಕಟ್ಟುವವರೆನ್ನುತ್ತಾರೆ. ಜನರು ಸರಕಾರದ ಕಡೆಯವರೆನ್ನುತ್ತಾರೆ. ಇವರ ಕೆಲಸದ ಮೇಲೆ ವಿದ್ವಾಂಸರ ಆಕ್ಷೇಪಗಳೂ ಇವೆ: ಎಬ್ಬಿಸುವವರಿಗೆ ನೀವೇ ದಾರಿ ಸುಗಮ ಮಾಡಿಕೊಟ್ಟಿರಲ್ಲವೇ ಎಂದು. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತವಳಿಗೆ ಆಕ್ಷೇಪವನ್ನು ಹೊದಿಸಲಾಗದು.

ಮಹನೀಯರೇ, ಇಷ್ಟೆಲ್ಲ ಹೇಳುವುದಕ್ಕೆ ನನಗೇನು ಅಧಿಕಾರ ಎಂದು ಕೇಳಿದರೆ, ಇಲ್ಲ. ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ನಾನು ಇಂದು ಈ ವಿಷಯವನ್ನು ಆರಿಸಿಕೊಂಡೆ.

ಹನ್ನೆರಡು ವರ್ಷದ ಹಿಂದೆ ನಮ್ಮ ಸೊಸೈಟಿಯ ಪಕ್ಕದ ಜಾಗದಲ್ಲಿ ಗೋಪುರದಂಥ ಕಟ್ಟಡ ಏಳುತ್ತಿತ್ತು. ಕೂಲಿಗಳು ತಗಡಿನ ಶೆಡ್ಡುಗಳಲ್ಲಿದ್ದರು. ಮೇ ತಿಂಗಳು. ಅವರ ನೀರಿನ ಟ್ಯಾಂಕರು ಎರಡು ದಿನ ಬರಲಿಲ್ಲ. ಸಂಜೆ ನಾನು ಗೇಟಿನ ಬಳಿ ನಿಂತಿದ್ದಾಗ ಒಬ್ಬ ಹೆಣ್ಣುಮಗಳು ಕೊಡ ಹಿಡಿದು ಬಂದಳು, ಸೊಂಟದಲ್ಲಿ ಕೂಸು. ವಾಚ್‌ಮನ್ ತಡೆದ. ನಮ್ಮ ಗೇಟಿನ ಮೇಲೆ ನನ್ನ ಹೆಸರಿನ ಹಲಗೆ ಇಲ್ಲವಷ್ಟೆ. ಆದರೆ ನಾನು ಫೋನಿನಲ್ಲಿ ಮನೆಯವರೊಡನೆ ಕನ್ನಡದಲ್ಲಿ ಮಾತನಾಡಿದ್ದನ್ನು ಆಕೆ ಕೇಳಿಸಿಕೊಂಡಿದ್ದಳೆಂದು ತೋರುತ್ತದೆ. “ಅಣ್ಣಾರ, ನೀವು ನಮ್ಮ ಕಡೀ ಮಂದಿ ಏನ್ರೀ? ನಾವು ಯಾದಗಿರಿ ಕಡೆಯವರ್ರೀ. ಒಂದು ಕೊಡ ನೀರು ಬಿಡಸ್ರೀ, ಕೂಸಿಗಾದ್ರೂ ಆಗ್ತದ” ಎಂದಳು.

ನಾನು ಆಗ ಸೊಸೈಟಿಯ ಖಜಾಂಚಿ. ಹಿಂದಿನ ವಾರವಷ್ಟೇ ಸಭೆಯಲ್ಲಿ, ಹೊರಗಿನವರಿಗೆ ನೀರು ಕೊಡಕೂಡದೆಂದು ಗೊತ್ತುವಳಿಯಾಗಿತ್ತು. ಒಬ್ಬರಿಗೆ ಕೊಟ್ಟರೆ ನೂರು ಜನ ಬರುತ್ತಾರೆ ಎಂದು ಒಬ್ಬರು ಹೇಳಿದರು. ಆ ಗೊತ್ತುವಳಿಯನ್ನು ನಡಾವಳಿ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದಿದ್ದೆ. ನಾನು ಆಕೆಗೆ ಹಿಂದಿಯಲ್ಲಿ ಉತ್ತರ ಕೊಟ್ಟೆ. ಕನ್ನಡದಲ್ಲಿ ಇಲ್ಲವೆನ್ನಲು ನಾಲಗೆ ಬರಲಿಲ್ಲ, ಹಿಂದಿಯಲ್ಲಿ ಬಂತು. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಏನೂ ಅನ್ನದೆ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೋದಳು. ಅದೇ ವರ್ಷ ರಾಜ್ಯೋತ್ಸವದಲ್ಲಿ ಇದೇ ಸಭಾಗೃಹದಲ್ಲಿ ನಾನು ಮುಂದಿನ ಸಾಲಿನಲ್ಲಿ ಕುಳಿತು ನಾಡಗೀತೆಗೆ ಎದ್ದು ನಿಂತೆ. ನಿಂತವನಿಗೆ ಆಕೆಯ ಕೊಡ ಕಣ್ಣಿಗೆ ಬಂತು. ನಿವೃತ್ತಿಯ ನಂತರ ಮಾನಖುರ್ದಿಗೆ ಹೋದದ್ದಕ್ಕೆ ಸೇವೆಯ ಹಂಬಲ ಕಾರಣವೆಂದು ಕೆಲವರು ಹೊಗಳುತ್ತಾರೆ. ಕಾರಣ ಇಷ್ಟೆ.

ಭಾಷೆಯ ಅಭಿಮಾನ ಎಂದರೆ ನಾಲಿಗೆಯ ಅಭಿಮಾನ ಮಾತ್ರವಲ್ಲ. ಆ ನಾಲಿಗೆ ಒಣಗಿದಾಗ ನೀರು ಕೊಡುವುದೂ ಹೌದು. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಹೋಟೆಲು ಹುಡುಗರಿಗಾಗಿ ಈ ಊರಿನಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಈಗ ಆ ಹುಡುಗರು ಫ್ಲಾಟಿಗೆ ಏರಿದ್ದಾರೆ. ಬೆಳಗ್ಗೆ ನಾಕಾಗಳಲ್ಲಿ ಬುತ್ತಿ ಕಟ್ಟಿಕೊಂಡು ಕೂಲಿಗೆ ಕಾಯುವ ಕಲಬುರಗಿ, ಯಾದಗಿರಿ, ರಾಯಚೂರಿನವರು ಅವರ ಜಾಗಕ್ಕೆ ಬಂದಿದ್ದಾರೆ. ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಇಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ಮೂರು ವಿಜ್ಞಾಪನೆ. ಮೊದಲನೆಯದು: ವಾರಕ್ಕೊಂದು ಸಂಜೆ ಈ ಸಭಾಗೃಹದ ಒಂದು ಮೇಜು, ಎರಡು ಕುರ್ಚಿ, ಅರ್ಜಿ ಬರೆಯಬಲ್ಲ ಇಬ್ಬರು ಸದಸ್ಯರು. ಕಟ್ಟಡ ಕಾರ್ಮಿಕರಿಗಾಗಿ ಕಾನೂನಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ 18ರಿಂದ 60 ವಯಸ್ಸಿನವರು ಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಊರಿನ ಪಡಿತರ ಚೀಟಿಯ ಮೇಲೆ ಇಲ್ಲಿಯೇ ಧಾನ್ಯ ಪಡೆಯುವ ಏರ್ಪಾಡೂ ಇದೆ. ಇವು ಇರುವುದೇ ಅನೇಕರಿಗೆ ತಿಳಿಯದು. ತಿಳಿದರೂ ಫಾರಮು ಅವರ ಭಾಷೆಯಲ್ಲಿಲ್ಲ. ಆ ಸಣ್ಣ ಸೇತುವೆ ನಾವಾಗಬಹುದು.

ಎರಡನೆಯದು: ಕಟ್ಟಡದ ಕೆಲಸ ನಡೆಯುವಲ್ಲಿಯೇ ಕೂಲಿಗಳ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಗಳಿವೆ. 1969ರಲ್ಲಿ ದಿಲ್ಲಿಯಲ್ಲಿ ಮೀರಾ ಮಹಾದೇವನ್ ಅವರು ಆರಂಭಿಸಿದ ಶಿಶುವಿಹಾರದ ಕೆಲಸ ಮುಂಬಯಿಗೂ ಬಂದು ಐವತ್ತು ವರ್ಷ ದಾಟಿದೆ. ಅಲ್ಲಿಗೆ ಬರುವ ಕನ್ನಡದ ಮಕ್ಕಳಿಗೆ ಕಥೆ ಹೇಳಲು ನಮ್ಮ ಅಜ್ಜಿಯರಿಗಿಂತ ತಕ್ಕವರುಂಟೆ? ಮಧ್ಯಾಹ್ನ ಎರಡು ಗಂಟೆ ಬಿಡುವು ಮಾಡಿಕೊಂಡರೆ ಸಾಕು.

ಮೂರನೆಯದು ಬಹಳ ಸಣ್ಣದು. ಇಲ್ಲಿ ಅನೇಕರು ತಂತಮ್ಮ ಸೊಸೈಟಿಯ ಪದಾಧಿಕಾರಿಗಳಿದ್ದೀರಿ. ಗೇಟಿನ ಹೊರಗೆ ಒಂದು ನಲ್ಲಿ ಇರಲಿ. ನಮ್ಮ ಸೊಸೈಟಿಯಲ್ಲಿ ಆ ಹಳೆಯ ಗೊತ್ತುವಳಿಯನ್ನು ರದ್ದು ಮಾಡಿಸಲು ನನಗೆ ಮೂರು ವಾರ್ಷಿಕ ಸಭೆಗಳು ಹಿಡಿದವು. ಈಗ ನಲ್ಲಿ ಇದೆ. ನೂರು ಜನ ಬರಲಿಲ್ಲ. ಬಿಲ್ಲು ಎಷ್ಟು ಹೆಚ್ಚಿತೆಂದು ಲೆಕ್ಕ ಹಾಕಿ ನೋಡಿದೆ. ಮನೆಯೊಂದಕ್ಕೆ ತಿಂಗಳಿಗೆ ಒಂದು ಲೋಟ ಚಹದ ಹಣವೂ ಆಗಲಿಲ್ಲ.

ಆ ತಾಯಿ ಇಂದು ಯಾವ ಊರಿನಲ್ಲಿ ಯಾರ ಮನೆಗೆ ಇಟ್ಟಿಗೆ ಹೊರುತ್ತಿದ್ದಾಳೋ ತಿಳಿಯದು. ಪಕ್ಕದ ಗೋಪುರ ಎದ್ದು ನಿಂತಿದೆ. ಅದರಲ್ಲಿ ಆಕೆಗೆ ಮನೆಯಿಲ್ಲ. ನನ್ನ ಉತ್ತರವನ್ನು ಕನ್ನಡದಲ್ಲಿ ತಿದ್ದಿ ಹೇಳಲು ಆಕೆ ಸಿಗಲಾರಳು. ಆದುದರಿಂದ ತಮ್ಮ ಮುಂದೆ ಹೇಳಿದ್ದೇನೆ.

 ಸಿರಿಗನ್ನಡಂ ಗೆಲ್ಗೆ.